ಶೂ ಬೆಲೆ ಗೊತ್ತು, ಡಬ್ಬದ ಬೆಲೆ?

ಪ್ರಶ್ನೆ: ನಾನು ಮಂಗಳೂರಿನವನು, ವಯಸ್ಸು 26. ಅಮೆರಿಕದ ಒಂದು ಅಂಗಡಿ ಮುಂದಿನ ತಿಂಗಳು 180 ಡಾಲರ್ ಬೆಲೆಯ ಲಿಮಿಟೆಡ್ ಎಡಿಷನ್ ಸ್ನೀಕರ್ ಬಿಡುತ್ತಿದೆ. ಅವರು ಭಾರತಕ್ಕೆ ಕಳಿಸುವುದಿಲ್ಲ. ಪಾರ್ಸೆಲ್ ಫಾರ್ವರ್ಡಿಂಗ್ ಮಾಡುವವರ, ಅಂದರೆ ಅಲ್ಲಿ ಮಾಲು ಪಡೆದು ಇಲ್ಲಿಗೆ ಕಳಿಸುವವರ ವಿಳಾಸ ಕೊಟ್ಟು ತರಿಸಿಕೋ, 'ಗಿಫ್ಟ್' ಅಂತ ಬರೆಸಿದರೆ ಟ್ಯಾಕ್ಸೂ ಬೀಳುವುದಿಲ್ಲ ಎಂದು ಗೆಳೆಯ ಹೇಳುತ್ತಾನೆ. ನಿಜವೇ? ಮನೆಗೆ ಬರುವಾಗ ಒಟ್ಟು ಎಷ್ಟಾಗಬಹುದು? ಜಪಾನಿನಿಂದಲೂ ಹೀಗೇ ತರಿಸಬಹುದೇ? ಹಾಕದೆ ಇಟ್ಟು ಕೆಲವು ವರ್ಷಗಳ ಮೇಲೆ ಮಾರಿದರೆ ಲಾಭ ಇದೆಯೇ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸರಿ. ವಿಳಾಸದ ಮಾತು ಸರಿ, ಗಿಫ್ಟಿನ ಮಾತು ಹಳೇದು.

5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇಲ್ಲ ಅನ್ನುವ ಸೌಲಭ್ಯ ಮೊದಲು ಇತ್ತು. ವಿದೇಶಿ ಆ್ಯಪ್‌ಗಳಿಂದ ಬಟ್ಟೆಬರೆ ಎಲ್ಲ 'ಗಿಫ್ಟ್' ಆಗಿ ಬರತೊಡಗಿದ ಮೇಲೆ 2019ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದರು. ರಾಖಿಗೆ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ವಿನಾಯಿತಿ ಉಳಿಯಿತು. ಶೂ ಆ ಎರಡರಲ್ಲಿ ಯಾವುದೂ ಅಲ್ಲ. ಅದೂ ಅಲ್ಲದೆ ನಿಮ್ಮದು 16,000 ರೂಪಾಯಿ ದಾಟುವ ಮಾಲು. ಹಳೇ ನಿಯಮ ಇದ್ದಿದ್ದರೂ ಅದರೊಳಗೆ ಹಿಡಿಸುತ್ತಿರಲಿಲ್ಲ.

'ಹಾಗಾದರೆ ಬಿಲ್ಲಿನಲ್ಲಿ 40 ಡಾಲರ್ ಅಂತ ಬರೆಸೋಣ' ಅನ್ನುವುದು ಮುಂದಿನ ಉಪಾಯ. ಫಾರ್ವರ್ಡರ್‌ಗಳ ಫಾರಂನಲ್ಲಿ ಬೆಲೆ ತುಂಬುವವರು ನೀವೇ ಆದ್ದರಿಂದ ಆಸೆ ಸಹಜ. ನಾನು ಬೆಂಗಳೂರಿನಲ್ಲಿ ಒಬ್ಬ ಕ್ಲಿಯರಿಂಗ್ ಏಜೆಂಟರ ಬಳಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಕಂಡದ್ದು ಇಷ್ಟು: ಪ್ರತಿ ಶೂ ಡಬ್ಬದ ಒಂದು ಪಕ್ಕ ಚಿಕ್ಕ ಲೇಬಲ್ ಇರುತ್ತದೆ. ಅದರ ಮೇಲೆ ಸೈಜು, ಬಾರ್‌ಕೋಡು, ಪಕ್ಕದಲ್ಲಿ ಅಕ್ಷರ ಮತ್ತು ಅಂಕಿ ಸೇರಿದ ಸ್ಟೈಲ್ ಕೋಡು. ಅಧಿಕಾರಿ ಆ ಕೋಡನ್ನು ಫೋನಿನಲ್ಲಿ ಟೈಪ್ ಮಾಡುತ್ತಾರೆ. ಶೂ ಫೋಟೊ, ಬಿಡುಗಡೆಯ ತಾರೀಕು, ಅಂಗಡಿ ಬೆಲೆ, ಈಗ ಎಷ್ಟಕ್ಕೆ ಮಾರಾಟ ಆಗುತ್ತಿದೆ ಅನ್ನುವುದು, ಎಲ್ಲವೂ ಅರ್ಧ ನಿಮಿಷದಲ್ಲಿ ಮುಂದಿರುತ್ತದೆ. ಆಮೇಲೆ ನಿಮ್ಮ 40 ಡಾಲರಿನ ಬಿಲ್ಲು ನಿಮಗೇ ಎದುರುಸಾಕ್ಷಿ. 1962ರ ಕಸ್ಟಮ್ಸ್ ಕಾಯ್ದೆಯ 111ನೇ ಸೆಕ್ಷನ್‌ನಲ್ಲಿ ತಪ್ಪು ಬೆಲೆ ಹೇಳಿದ ಮಾಲನ್ನು ಮುಟ್ಟುಗೋಲು ಹಾಕಲು ಅವಕಾಶ ಇದೆ, 112ರಲ್ಲಿ ದಂಡಕ್ಕೆ. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಪಾರ್ಸೆಲ್ ದಾರಿಯಲ್ಲಿ ಕಳೆದುಹೋದರೆ ವಿಮೆಯವರು ಕೊಡುವುದು ನೀವು ಬರೆದ ಬೆಲೆಯನ್ನೇ. 40 ಬರೆದವರಿಗೆ 40.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡಿ. ಅಮೆರಿಕದಲ್ಲಿ ಫಾರ್ವರ್ಡರ್‌ನ ಒಂದು ದೊಡ್ಡ ಗೋಡೌನ್ ಇರುತ್ತದೆ. ನೀವು ಹೆಸರು ನೋಂದಾಯಿಸಿದರೆ ನಿಮಗೊಂದು ನಂಬರು ಕೊಡುತ್ತಾರೆ. ವಿಳಾಸದಲ್ಲಿ 'ಸೂಟ್' ಅನ್ನುವ ಕಡೆ ಅದನ್ನು ಬರೆಯಬೇಕು. ಅಂಗಡಿಯವರು ಅಲ್ಲಿಗೆ ಕಳಿಸುತ್ತಾರೆ, ಗೋಡೌನಿನವರು ನಂಬರು ನೋಡಿ ನಿಮ್ಮ ಖಾತೆಗೆ ಸೇರಿಸುತ್ತಾರೆ, ನೀವು ಸಾಗಣೆ ದುಡ್ಡು ಕಟ್ಟಿದ ಮೇಲೆ ಮಂಗಳೂರಿಗೆ ಹೊರಡುತ್ತದೆ. ನಂಬರು ಬರೆಯಲು ಮರೆತರೆ ನಿಮ್ಮ ಶೂ ಸಾವಿರಾರು ಡಬ್ಬಗಳ ನಡುವೆ ಅನಾಥ.

ಗೋಡೌನ್ ಯಾವ ರಾಜ್ಯದಲ್ಲಿದೆ ಅನ್ನುವುದೂ ಮುಖ್ಯ. ಓರೆಗಾನ್, ಡೆಲವೇರ್, ನ್ಯೂಹ್ಯಾಂಪ್‌ಶೈರ್, ಮೊಂಟಾನಾ ರಾಜ್ಯಗಳಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕಡಿಮೆ ಅಂದರೂ ಶೇ. 7.25 ಬೀಳುತ್ತದೆ, ನಿಮ್ಮ 180ಕ್ಕೆ 13 ಡಾಲರ್ ಸುಮ್ನೆ ಹೋಯಿತು. ಕೆಲವು ಫಾರ್ವರ್ಡರ್‌ಗಳಿಗೆ ಎರಡು ಮೂರು ಕಡೆ ಗೋಡೌನ್ ಇರುತ್ತದೆ. ಓರೆಗಾನ್ ವಿಳಾಸ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಇನ್ನು ಡಬ್ಬದ ಮಾತು. ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀವು ಶೂ ತೂಕಕ್ಕೆ ದುಡ್ಡು ಕೊಡುತ್ತೀರಿ ಅಂದುಕೊಂಡಿರುತ್ತೀರಿ. ಇಲ್ಲ, ವಿಮಾನದಲ್ಲಿ ಅದು ಹಿಡಿಯುವ ಜಾಗಕ್ಕೆ ಕೊಡುತ್ತೀರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ಕೊರಿಯರ್‌ನವರ 'ವಾಲ್ಯೂಮ್ ತೂಕ'. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಇದನ್ನು ಬರೆಯುವಾಗ ಮನೆಯ ಒಂದು ಶೂ ಡಬ್ಬಕ್ಕೆ ಟೇಪು ಹಿಡಿದೆ. 34, 23, 13. ಗುಣಿಸಿ ಭಾಗಿಸಿದರೆ 2 ಕೆ.ಜಿ. ಚಿಲ್ಲರೆ. ಅಡುಗೆಮನೆಯ ತಕ್ಕಡಿಯಲ್ಲಿ ಅದೇ ಡಬ್ಬ ಶೂ ಸಮೇತ 1.4 ಕೆ.ಜಿ. ಈಗ ಗೋಡೌನಿನವರು ಕೈಗೆ ಸಿಕ್ಕಿದ 40, 30, 20ರ ರಟ್ಟಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಸುತ್ತ ಗಾಳಿ ತುಂಬಿದ ಪ್ಲಾಸ್ಟಿಕ್ ತುರುಕಿದರು ಅಂದುಕೊಳ್ಳಿ. 24,000 ಭಾಗಿಸು 5,000, ಅಂದರೆ 4.8. ಮೇಲಿನ ಅರ್ಧ ಕೆ.ಜಿ.ಗೆ ಏರಿಸಿ 5 ಕೆ.ಜಿ. ಒಂದೂವರೆ ಕೆ.ಜಿ.ಯೂ ಇಲ್ಲದ ಮಾಲಿಗೆ ಐದು ಕೆ.ಜಿ. ಬಾಡಿಗೆ!

ಅದೇ ಡಬ್ಬವನ್ನು 36, 25, 15ರ ಬಿಗಿಯಾದ ಪೆಟ್ಟಿಗೆಯಲ್ಲಿ ಇಟ್ಟರೆ 2.7, ಬಿಲ್ ಆಗುವುದು 3 ಕೆ.ಜಿ.ಗೆ. ಆದ್ದರಿಂದ ಫಾರ್ವರ್ಡರನ್ನು ಆರಿಸುವಾಗ ಪ್ರತಿ ಕೆ.ಜಿ.ಗೆ ಎಷ್ಟು ಅಂತ ಮಾತ್ರ ನೋಡಬೇಡಿ. ಪೆಟ್ಟಿಗೆ ಬದಲಿಸಿ ಚಿಕ್ಕದು ಮಾಡಿಕೊಡುತ್ತಾರಾ, ಅದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಕೇಳಿ. ಕೇಳುವಾಗ 'ಹೊರಗಿನ ಪೆಟ್ಟಿಗೆ ಬದಲಿಸಿ, ಶೂ ಡಬ್ಬ ಎಸೆಯಬೇಡಿ' ಎಂದು ಬಿಡಿಸಿ ಬರೆಯಿರಿ. ಜಾಗ ಉಳಿಸಲು ಹೇಳಿದ್ದಾರೆ ಅಂತ ಶೂ ಡಬ್ಬವನ್ನೇ ಕಸಕ್ಕೆ ಹಾಕಿ, ಬರೀ ಶೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳಿಸಿದ್ದನ್ನು ನೋಡಿದ್ದೇನೆ. ಲಿಮಿಟೆಡ್ ಎಡಿಷನ್‌ಗೆ ಡಬ್ಬ ಇಲ್ಲದಿದ್ದರೆ ಮದುವೆ ಆಲ್ಬಮ್‌ನಲ್ಲಿ ವರನೇ ಇಲ್ಲದ ಹಾಗೆ. ನೀವು ಹಾಕಿಕೊಳ್ಳಲು ಮಾತ್ರ ತರಿಸುವುದಾದರೆ ಬೇರೆ ಮಾತು, ಡಬ್ಬ ಬಿಟ್ಟು ತರಿಸುವುದೇ ಜಾಣತನ.

ಗೋಡೌನಿನ ಹುಡುಗರಿಗೆ ಶೂ ಬಗ್ಗೆ ಗೊತ್ತಿರಬೇಕೆಂದೇನಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಹೇಳಿಬಿಡುತ್ತೇನೆ. 2022ರ ನವೆಂಬರ್‌ನಲ್ಲಿ ನೈಕಿಯ ಏರ್ ಜೋರ್ಡನ್ 1 'ಲಾಸ್ಟ್ ಅಂಡ್ ಫೌಂಡ್' ಶೂ ಬಂತು. ಅದರ ಬೆಲೆಯೂ 180 ಡಾಲರ್. 1985ರ ಜೋಡಿ ಯಾವುದೋ ಹಳೇ ಅಂಗಡಿಯ ಮೂಲೆಯಲ್ಲಿ ಸಿಕ್ಕಿತು ಅನ್ನುವ ಕಥೆ ಕಟ್ಟಿದ್ದರು. ಅದಕ್ಕೆ ತಕ್ಕಂತೆ ಕಾಲುಗಂಟಿನ ಸುತ್ತಲಿನ ಚರ್ಮ ಬೇಕಂತಲೇ ಬಿರುಕು ಬಿಟ್ಟಿತ್ತು, ಡಬ್ಬಕ್ಕೂ ಮುಚ್ಚಳಕ್ಕೂ ಹೊಂದಿಕೆ ಇರಲಿಲ್ಲ, ಒಳಗೊಂದು ಹಳೇ ಕಾಲದ ಕೈಬರಹದ ರಸೀದಿಯೂ ಇತ್ತು. ನನ್ನ ಗೆಳೆಯ ತರಿಸಿದ ಜೋಡಿ ಗೋಡೌನ್ ಮುಟ್ಟಿದ ದಿನ 'ಡಬ್ಬ ಹಾಳಾಗಿದೆ, ಶೂ ಬಳಸಿದ್ದು, ವಾಪಸ್ ಮಾಡಬೇಕಾ?' ಎಂದು ಫೋಟೊ ಸಮೇತ ಮೇಲ್ ಬಂತು. ಬೇಡಪ್ಪಾ ಅದು ಇರುವುದೇ ಹಾಗೆ ಎಂದು ಬರೆದದ್ದಾಯಿತು. ಆ ಹಳೇ ಕಾಲದ ರಸೀದಿಯನ್ನೇ ಕಸ್ಟಮ್ಸ್ ಬಿಲ್ ಅಂತ ಹೊರಗೆ ಅಂಟಿಸದಿದ್ದರೆ ಸಾಕು ಅಂತ ನಾವಿಬ್ಬರೂ ಎರಡು ದಿನ ತಲೆಬಿಸಿ ಮಾಡಿಕೊಂಡಿದ್ದೆವು.

ಈಗ ಲೆಕ್ಕ. ಡಾಲರಿಗೆ 90 ರೂಪಾಯಿ ಎಂದು ಹಿಡಿಯೋಣ, ಸಾಗಣೆ 50 ಡಾಲರ್. ಎರಡೂ ನನ್ನ ಊಹೆ, ನೀವು ಆ ದಿನದ ಅಂಕಿ ಹಾಕಿಕೊಳ್ಳಿ. ಶೂಗೆ 16,200, ಸಾಗಣೆಗೆ 4,500.

ಸುಂಕ ಬೀಳುವುದು ಬರೀ ಶೂ ಬೆಲೆಯ ಮೇಲಲ್ಲ. ಸಾಗಣೆ ಮತ್ತು ವಿಮೆಯನ್ನೂ ಸೇರಿಸುತ್ತಾರೆ. ಆದರೆ ಇಲ್ಲೊಂದು ನಮ್ಮ ಪರವಾದ ನಿಯಮ ಇದೆ. ವಿಮಾನದಲ್ಲಿ ಬಂದ ಮಾಲಿಗೆ ಸಾಗಣೆ ಎಷ್ಟೇ ಆಗಿದ್ದರೂ ಮಾಲಿನ ಬೆಲೆಯ ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಹಾಗಾಗಿ 4,500ರ ಬದಲು 3,240 ಸೇರುತ್ತದೆ. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಶೇ. 1.125, ಅಂದರೆ 182 ರೂಪಾಯಿ. ಒಟ್ಟು 19,622.

ಇದರ ಮೇಲೆ ಸುಂಕ ಎಷ್ಟು? ವೈಯಕ್ತಿಕ ಬಳಕೆಗೆ ತರಿಸುವ ಮಾಲಿಗೆ ಕಸ್ಟಮ್ಸ್ ಪಟ್ಟಿಯಲ್ಲಿ 9804 ಅನ್ನುವ ಶೀರ್ಷಿಕೆ ಇದೆ. ಕೆಲವು ವರ್ಷಗಳ ಹಿಂದೆ ಅದರಡಿ ಕಟ್ಟಬೇಕಾಗಿದ್ದದ್ದು ಶೇ. 77.28. ಆ ವಿಚಿತ್ರ ಅಂಕಿ ಎಲ್ಲಿಂದ ಬಂತು ಅಂತ ತಿಳಿದುಕೊಂಡರೆ ಇವತ್ತಿನ ಲೆಕ್ಕವನ್ನೂ ನೀವೇ ಹಾಕಬಹುದು. 100 ರೂಪಾಯಿ ಮಾಲಿಗೆ ಮೂಲ ಸುಂಕ 35. ಆ 35ರ ಮೇಲೆ ಶೇ. 10 ಸರ್‌ಚಾರ್ಜ್, ಮೂರೂವರೆ ರೂಪಾಯಿ. ಈಗ ಮಾಲು 138.50 ಆಯಿತಲ್ಲ, ಈ ಉಬ್ಬಿದ ಮೊತ್ತದ ಮೇಲೆ ಆಮದಿಗೆ ಬೀಳುವ ಜಿಎಸ್‌ಟಿ, ಅಂದರೆ ಶೇ. 28 ಐಜಿಎಸ್‌ಟಿ. ಸುಂಕಕ್ಕೂ ತೆರಿಗೆ! ಹಾಗಾಗಿ 177.28. ಆಮೇಲೆ 2025ರ ಬಜೆಟ್‌ನಲ್ಲೂ ಅದೇ ವರ್ಷ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಲ್ಲೂ ಇದು ಸಾಕಷ್ಟು ಇಳಿಯಿತು. ಬಜೆಟ್ ಬಂದಾಗ ಮತ್ತೆ ಬದಲಾಗುವಂಥದ್ದು, ಹಾಗಾಗಿ ಆರ್ಡರ್ ಮಾಡುವ ವಾರ ಕೊರಿಯರ್‌ನವರನ್ನೇ ಕೇಳಿ. 9804ರಡಿ ಬಿಲ್ ಮಾಡುತ್ತಾರಾ, ಪಾದರಕ್ಷೆಯ 64ನೇ ಅಧ್ಯಾಯದಡಿ ಮಾಡುತ್ತಾರಾ ಅಂತಲೂ ಕೇಳಿ, ದರ ಬೇರೆ ಬೇರೆ.

ನಾನು ಇಲ್ಲಿ 9804ರಡಿ ಬಿಲ್ ಆಯಿತು ಅಂದುಕೊಂಡು ಒಟ್ಟು ಶೇ. 40 ಎಂದು ಹಿಡಿಯುತ್ತೇನೆ. ಜಾಸ್ತಿ ಹಿಡಿದು ಕಡಿಮೆ ಕಟ್ಟಿದರೆ ಯಾರಿಗೂ ಬೇಜಾರಿಲ್ಲ. 19,622ಕ್ಕೆ ಸುಮಾರು 7,850. ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಕೊರಿಯರ್‌ನವರ ಶುಲ್ಕ ಒಂದು ಸಾವಿರ ಇಟ್ಟುಕೊಳ್ಳಿ. ಕಾರ್ಡಿನವರು ವಿದೇಶಿ ವಹಿವಾಟಿಗೆ ಶೇ. 3.5 ಮತ್ತು ಅದರ ಮೇಲೆ ಜಿಎಸ್‌ಟಿ ತೆಗೆದುಕೊಂಡರೆ ಇನ್ನೊಂದು 850. ಒಟ್ಟು ಕೂಡಿಸಿ: 30,400 ರೂಪಾಯಿ. ಶೂ ಬೆಲೆ ಮಾತ್ರ ಈಗಲೂ 16,200.

ಈ 30,400ನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಅದೇ ಜೋಡಿ ಭಾರತದಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ನೋಡಿ. ವೆಜ್‌ನಾನ್‌ವೆಜ್, ಸೂಪರ್‌ಕಿಕ್ಸ್ ಥರದ ನಮ್ಮ ಅಂಗಡಿಗಳಿಗೂ ಎಷ್ಟೋ ಲಿಮಿಟೆಡ್ ಎಡಿಷನ್‌ಗಳು ಬರುತ್ತವೆ, ಅವರೂ ಡ್ರಾ ನಡೆಸುತ್ತಾರೆ, ಅಂದರೆ ಕೊಳ್ಳುವ ಅವಕಾಶ ಯಾರಿಗೆ ಅಂತ ಚೀಟಿ ಎತ್ತುತ್ತಾರೆ. ಇಲ್ಲಿ ಗೆದ್ದರೆ ಎಂಆರ್‌ಪಿ ಕೊಟ್ಟರಾಯಿತು. ಹಾಗೇ ಯುರೋಪಿನ ಕೆಲವು ಅಂಗಡಿಗಳು ನೇರವಾಗಿ ಭಾರತಕ್ಕೇ ಕಳಿಸುತ್ತವೆ, ಆಗ ಅಲ್ಲಿನ ವ್ಯಾಟ್ ಕಳೆದು ಬೆಲೆ ತೋರಿಸುತ್ತವೆ. ಬ್ರಿಟನ್ನಿನಲ್ಲಿ ವ್ಯಾಟ್ ಶೇ. 20. ಫಾರ್ವರ್ಡರ್‌ನ ಬ್ರಿಟನ್ ವಿಳಾಸಕ್ಕೆ ತರಿಸಿದರೆ ಆ ವ್ಯಾಟ್ ಕೊಟ್ಟು, ಮೇಲೆ ನಮ್ಮ ಸುಂಕವನ್ನೂ ಕೊಟ್ಟ ಹಾಗೆ. ಫಾರ್ವರ್ಡಿಂಗ್ ಬೇರೆ ದಾರಿ ಇಲ್ಲದಾಗ ಮಾತ್ರ.

ಇಷ್ಟಾದ ಮೇಲೂ ಅದೇ ಜೋಡಿ ಬೇಕು ಅನ್ನಿಸಿದರೆ ಮುಂದಿನ ತೊಡಕು ಅಂಗಡಿಯೇ. ಲಿಮಿಟೆಡ್ ಎಡಿಷನ್ ಮಾರುವವರಿಗೆ ಫಾರ್ವರ್ಡರ್‌ಗಳ ಗೋಡೌನ್ ವಿಳಾಸಗಳು ಬಾಯಿಪಾಠ. ಒಂದೇ ವಿಳಾಸಕ್ಕೆ ನೂರಾರು ಆರ್ಡರ್ ಬಂದರೆ ಯಂತ್ರವೇ ಹಿಡಿಯುತ್ತದೆ. ಎಷ್ಟೋ ಅಂಗಡಿಗಳ ನಿಯಮದಲ್ಲಿ ಫಾರ್ವರ್ಡಿಂಗ್ ವಿಳಾಸಕ್ಕೆ ಕಳಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಅಂಥ ಕಡೆ ವಿಳಾಸವನ್ನು ಅಲ್ಲಿ ಇಲ್ಲಿ ತಿರುಚಿ ಬರೆದು ನುಸುಳಲು ಹೋಗಬೇಡಿ. ಗೆದ್ದ ಆರ್ಡರ್ ರದ್ದಾಗುತ್ತದೆ, ಕೆಲವೊಮ್ಮೆ ಖಾತೆಯನ್ನೇ ಮುಚ್ಚುತ್ತಾರೆ. ದುಡ್ಡು ವಾಪಸ್ ಬರುತ್ತದೆ, ಆದರೆ ಅವತ್ತಿನ ಡಾಲರ್ ರೇಟಿನಲ್ಲಿ. ಸಣ್ಣ ಬೂಟಿಕ್ ಅಂಗಡಿಯಾದರೆ ಮೊದಲೇ ಒಂದು ಮೇಲ್ ಹಾಕಿ ಕೇಳಿ. ಎಷ್ಟೋ ಸಲ ಮನುಷ್ಯರೇ ಉತ್ತರ ಬರೆಯುತ್ತಾರೆ, ಒಪ್ಪುತ್ತಾರೆ ಕೂಡ.

ಕಾರ್ಡ್ ಕೂಡ ಕೈಕೊಡುತ್ತದೆ. ಅಮೆರಿಕದ ಅಂಗಡಿಗಳು ಕಾರ್ಡಿನ ವಿಳಾಸವನ್ನು ಬ್ಯಾಂಕಿನ ಜೊತೆ ತಾಳೆ ನೋಡುತ್ತವೆ. ನಮ್ಮ ಕಾರ್ಡ್‌ಗಳಲ್ಲಿ ಆ ತಾಳೆ ಸಾಮಾನ್ಯವಾಗಿ ಆಗುವುದಿಲ್ಲ. ಕಾರ್ಡ್ ಮಂಗಳೂರಿನದು, ಮಾಲು ಹೋಗುವುದು ಓರೆಗಾನ್‌ಗೆ. ಅವರಿಗೆ ಅನುಮಾನ ಬರದೆ ಇರುತ್ತದಾ? ಪೇಪಾಲ್ ತೆಗೆದುಕೊಳ್ಳುವ ಅಂಗಡಿಯಾದರೆ ಈ ತಾಪತ್ರಯ ಕಡಿಮೆ. ಇನ್ನೊಂದು, 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ನಾನೊಮ್ಮೆ ನಾಲ್ಕು ತಿಂಗಳು ಕಾದು ಡ್ರಾ ಗೆದ್ದು, ಈ ಒಂದು ಸ್ವಿಚ್ ಹಾಕದೆ ಜೋಡಿ ಕಳೆದುಕೊಂಡಿದ್ದೇನೆ. ತಪ್ಪು ಪೂರ್ತಿ ನನ್ನದೇ. ನ್ಯೂಯಾರ್ಕಿನ ಬೆಳಗ್ಗೆ 10 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 7.30, ಚಳಿಗಾಲದಲ್ಲಿ 8.30. ಅದನ್ನೂ ಗಡಿಯಾರಕ್ಕೆ ಹಾಕಿಕೊಳ್ಳಿ.

ಸೈಜು ನೋಡುವಾಗ ಸೆಂಟಿಮೀಟರ್ ಒಂದನ್ನೇ ನಂಬಿ. ನಾವು ಯುಕೆ ಸೈಜಿನಲ್ಲಿ ಮಾತಾಡುತ್ತೇವೆ. ನೈಕಿಯಲ್ಲಿ ಗಂಡಸರ ಯುಕೆ 8 ಅಂದರೆ ಯುಎಸ್ 9, 27 ಸೆಂ.ಮೀ. ಅಡಿಡಾಸ್‌ನಲ್ಲಿ ಅದೇ ಯುಕೆ 8 ಯುಎಸ್ 8.5, 26.5 ಸೆಂ.ಮೀ. ಅರ್ಧ ಸೆಂಟಿಮೀಟರ್ ಏನು ಮಹಾ ಅನ್ನಬೇಡಿ. ಫಾರ್ವರ್ಡಿಂಗ್‌ನಲ್ಲಿ ವಾಪಸ್ ಕಳಿಸುವುದು ಅಂದರೆ ಮತ್ತೊಮ್ಮೆ ಮೂರು ನಾಲ್ಕು ಸಾವಿರ ಖರ್ಚು, ಕಟ್ಟಿದ ಸುಂಕದ ಹಿಂದೆ ಓಡಾಟ ಬೇರೆ. ಗೋಡೌನಿನಲ್ಲಿ ಇರುವಾಗಲೇ ಎರಡು ಫೋಟೊ ಕೇಳಿ: ಡಬ್ಬದ ಲೇಬಲ್, ಶೂ ನಾಲಿಗೆಯ ಒಳಗಿನ ಚೀಟಿ. ಎರಡರಲ್ಲೂ ಕೋಡು, ಸೈಜು ಒಂದೇ ಇರಬೇಕು. ತಪ್ಪು ಇದ್ದರೆ ಅಲ್ಲಿಂದಲೇ ಅಂಗಡಿಗೆ ವಾಪಸ್ ಹೋಗಲಿ.

ಜಪಾನಿನದು ಬೇರೆ ಕಥೆ. ಅಲ್ಲಿ ಶೂ ಸೈಜೇ ಸೆಂಟಿಮೀಟರ್, ಅದೊಂದು ಸುಖ. ಆದರೆ ಅಲ್ಲಿನ ಡ್ರಾಗಳಲ್ಲಿ ಹಲವು, ಗೆದ್ದವರು ಗುರುತಿನ ಚೀಟಿ ತೋರಿಸಿ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು ಅನ್ನುತ್ತವೆ. ವಿಳಾಸ ಮಾತ್ರ ಕೊಡುವ ಫಾರ್ವರ್ಡರ್ ಅಲ್ಲಿ ಉಪಯೋಗಕ್ಕಿಲ್ಲ. ನಿಮ್ಮ ಪರವಾಗಿ ಕೊಂಡು ಕಳಿಸುವ ಪ್ರಾಕ್ಸಿ ಸೇವೆಗಳಿವೆ, ಬೈಯೀ, ಝೆನ್‌ಮಾರ್ಕೆಟ್ ಮುಂತಾದವು. ಬಿಡುಗಡೆಯ ದಿನದ ಓಟಕ್ಕೆ ಅವು ನಿಧಾನ, ಆದರೆ ಆಮೇಲೆ ಹರಾಜಿಗೆ, ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದ ಜೋಡಿ ಹಿಡಿಯಲು ಒಳ್ಳೇದು. ನಾನಾದರೆ ಜಪಾನಿನಿಂದ ಹೊಸದಕ್ಕಿಂತ ಒಂದೆರಡು ಸಲ ಹಾಕಿದ ಜೋಡಿಯನ್ನೇ ತರಿಸುತ್ತೇನೆ. ಅಲ್ಲಿನ ಮಾರುವವರು ಚಿಕ್ಕ ಗೀರನ್ನೂ ಫೋಟೊ ಹಾಕಿ ತೋರಿಸುತ್ತಾರೆ.

ಪಾರ್ಸೆಲ್ ಭಾರತ ಮುಟ್ಟಿದ ಮೇಲೆ ಕೊರಿಯರ್‌ನವರು ಕೆವೈಸಿ ಕೇಳುತ್ತಾರೆ. ಆಧಾರ್‌ನಲ್ಲಿ ಇರುವ ಹೆಸರನ್ನೇ ಪಾರ್ಸೆಲ್ ಮೇಲೂ ಹಾಕಿಸಿ, ಅಂಗಡಿಯ ಬಿಲ್ಲು, ಕಾರ್ಡಿನ ಪಾವತಿಯ ದಾಖಲೆ ಸಿದ್ಧ ಇಟ್ಟುಕೊಳ್ಳಿ. 'ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತಿದೆ, ಈ ಲಿಂಕ್ ಒತ್ತಿ' ಎಂದು ಸಂದೇಶ ಬಂದರೆ ಒತ್ತಬೇಡಿ. ನಿಮ್ಮ ಟ್ರ್ಯಾಕಿಂಗ್ ನಂಬರನ್ನು ಕೊರಿಯರ್‌ನ ಸ್ವಂತ ಜಾಲತಾಣದಲ್ಲಿ ಹಾಕಿ ನೋಡಿ. ವಿಡಿಯೊ ಕಾಲ್ ಮಾಡಿ ಹೆದರಿಸುವ 'ಕಸ್ಟಮ್ಸ್ ಅಧಿಕಾರಿ' ಖಂಡಿತ ಕಳ್ಳನೇ. ಗೆಳೆಯರಿಗೂ ಸೇರಿಸಿ ಐದಾರು ಜೋಡಿ ಒಟ್ಟಿಗೆ ತರಿಸುವ ಯೋಚನೆ ಇದ್ದರೆ ಬಿಡಿ. ಬೇರೆ ಬೇರೆ ಸೈಜಿನ ಆರು ಜೋಡಿ ನೋಡಿದರೆ ಇದು ವ್ಯಾಪಾರ ಅನ್ನುತ್ತಾರೆ. ವ್ಯಾಪಾರ ಅಂದರೆ ಆಮದು-ರಫ್ತುದಾರರ ಕೋಡು (ಐಇಸಿ) ಬೇಕು, 2024ರ ಆಗಸ್ಟ್‌ನಿಂದ ಪಾದರಕ್ಷೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುಣಮಟ್ಟದ ಆದೇಶವೂ ಇದೆ.

ಅಮೆರಿಕದಲ್ಲಿ ನಿಮಗೆ ಅಕ್ಕನೋ ಚಿಕ್ಕಪ್ಪನ ಮಗನೋ ಇದ್ದಾರಾ? ಇದನ್ನು ಮೊದಲೇ ಕೇಳಬೇಕಿತ್ತು. ನಮ್ಮ ಕಡೆಯ ಹಳೇ ಫಾರ್ವರ್ಡಿಂಗ್ ಸೇವೆ ಅಂದರೆ ರಜೆಗೆ ಬರುವವರ ಸೂಟ್‌ಕೇಸ್. ಹೋಗುವಾಗ ಮಾವಿನ ಮಿಡಿ ಉಪ್ಪಿನಕಾಯಿ, ಬರುವಾಗ ಶೂ. ಮನೆಯ ವಿಳಾಸ ಆದ್ದರಿಂದ ಅಂಗಡಿ ತಕರಾರು ಮಾಡುವುದಿಲ್ಲ. ಅವರು ನ್ಯೂಜೆರ್ಸಿಯಲ್ಲಿದ್ದರೆ ಇನ್ನೂ ಒಳ್ಳೇದು, ಅಲ್ಲಿ ಸಾಮಾನ್ಯ ಶೂ, ಬಟ್ಟೆಗೆ ಸೇಲ್ಸ್ ಟ್ಯಾಕ್ಸೇ ಇಲ್ಲ. ಬರುವ ಪ್ರಯಾಣಿಕರಿಗೆ ಒಂದು ಮಿತಿಯವರೆಗೆ ಸುಂಕವಿಲ್ಲದೆ ತರುವ ಅವಕಾಶ ಇರುತ್ತದೆ. 2016ರ ನಿಯಮದಲ್ಲಿ ಅದು 50,000 ರೂಪಾಯಿ ಇತ್ತು, ಬರುವ ಹೊತ್ತಿಗೆ ಎಷ್ಟಿದೆ ನೋಡಿಕೊಳ್ಳಿ. ಶೂ ಒಳಗೆ ಸಾಕ್ಸ್ ತುರುಕಿ ಡಬ್ಬದಲ್ಲೇ ಇಟ್ಟರೆ ಜಾಗವೂ ವ್ಯರ್ಥ ಆಗುವುದಿಲ್ಲ.

ಕೊನೆಯದಾಗಿ ಇಟ್ಟು ಮಾರುವ ವಿಚಾರ. ಮಂಗಳೂರಿನಲ್ಲಿ ಕೂತು ಈ ಪ್ರಶ್ನೆ ಕೇಳಿದ್ದೀರಿ, ಅದಕ್ಕೇ ಹೇಳುತ್ತೇನೆ. ತುಂಬಾ ಸ್ನೀಕರ್‌ಗಳ ನಡುವಿನ ಅಟ್ಟೆ ಪಾಲಿಯೂರಿಥೇನ್. ಗಾಳಿಯ ತೇವ ಅದರೊಳಗೆ ಸೇರಿ ನಿಧಾನಕ್ಕೆ ಒಡೆಯುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನಾನು ಹನ್ನೆರಡು ವರ್ಷ ಬೀರುವಿನಲ್ಲಿಟ್ಟ ಒಂದು ಜೋಡಿಯನ್ನು ತಮ್ಮನ ಮದುವೆಗೆ ಹಾಕಿಕೊಂಡು ಹೋದೆ. ಛತ್ರದ ಮೆಟ್ಟಿಲಿನಿಂದ ಊಟದ ಹಾಲ್‌ವರೆಗೆ ರವೆ ಉಂಡೆ ಪುಡಿಯಾದ ಹಾಗೆ ಬಿಳಿ ಪುಡಿ ಉದುರಿಸುತ್ತಾ ನಡೆದಿದ್ದೆ. ಆಗಾಗ ಹಾಕುವ ಶೂಗಿಂತ ಸುಮ್ಮನೆ ಇಟ್ಟದ್ದೇ ಬೇಗ ಹೀಗಾಗುತ್ತದೆ ಅನ್ನುವುದು ಸಂಗ್ರಹಕಾರರ ಅನುಭವ. ನಾಲ್ಕೈದು ವರ್ಷಕ್ಕೆ ಅಷ್ಟು ಭಯವಿಲ್ಲ, ಆದರೆ ಕರಾವಳಿಯ ಮಳೆಗಾಲದಲ್ಲಿ ಅಂಟು ಬಿಡುವುದು, ಚರ್ಮಕ್ಕೆ ಬೂಷ್ಟು ಹಿಡಿಯುವುದು ಒಂದೇ ವರ್ಷದಲ್ಲಿ ಆಗುತ್ತದೆ. ಮೇಲಾಗಿ ನೀವು ಮಾರಬೇಕಾದದ್ದು 16,200ಕ್ಕಿಂತ ಜಾಸ್ತಿಗಲ್ಲ, 30,400ಕ್ಕಿಂತ ಜಾಸ್ತಿಗೆ. ನನಗೆ ಆ ಧೈರ್ಯ ಇಲ್ಲ. ನಿಮಗೆ ಇದ್ದರೆ ಕಸ್ಟಮ್ಸ್‌ನವರ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ), ಅಂಗಡಿಯ ಬಿಲ್ಲು ಎರಡನ್ನೂ ಜೋಪಾನ ಮಾಡಿ. ಕೊಳ್ಳುವವನು ಅಸಲಿಯಾ ಅಂತ ಕೇಳಿದಾಗ ತೋರಿಸಲು ಅದಕ್ಕಿಂತ ಗಟ್ಟಿ ಕಾಗದ ಇನ್ನೊಂದಿಲ್ಲ. ಮಳೆಗಾಲದಲ್ಲಿ ಅದನ್ನು ಶೂ ಡಬ್ಬದೊಳಗೆ ಮಾತ್ರ ಇಡಬೇಡಿ.